ಒಂಬತ್ತು ವಾರದ ಅತ್ತಿ, ಹತ್ತು ವಾರದ ಆಟ

ನಮ್ಮ ಅತ್ತಿಯ ಗಂಡುಮಕ್ಕಳು ಐವತ್ತನಾಲ್ಕು ಜನ. ಗಾಬರಿಯಾಗಬೇಡಿ! ಹೆತ್ತದ್ದು ಒಬ್ಬನನ್ನೇ. ಉಳಿದ ಐವತ್ಮೂರು ಜನ ಅಮೆರಿಕಾದಲ್ಲಿ ತಲೆಗೆ ಹೆಲ್ಮೆಟ್ಟು ಹಾಕಿ, ಭುಜಕ್ಕೆ ದಿಂಬು ಕಟ್ಟಿ, ಮೊಟ್ಟೆಯಂಥ ಚೆಂಡೊಂದನ್ನು ಬಗಲಲ್ಲಿ ಅವಚಿಕೊಂಡು ಓಡುವವರು. ಸೋಲಾಪುರದಲ್ಲಿ ತಮಗೊಬ್ಬ ತಾಯಿ ಇದ್ದಾಳೆಂಬ ಸುದ್ದಿ ಅವರಿಗಿನ್ನೂ ಮುಟ್ಟಿಲ್ಲ. ಮುಟ್ಟಿದ್ದರೆ ಅಷ್ಟೊಂದು ಸೋಲುತ್ತಿರಲಿಲ್ಲ. ಬೈಗುಳಕ್ಕೆ ಹೆದರಿಯಾದರೂ ಗೆಲ್ಲುತ್ತಿದ್ದರು. ಆ ತಂಡದ ಹೆಸರು ಕೇಳಬೇಡಿ. ಸೋತವರ ಹೆಸರನ್ನು ಊರ ಮುಂದೆ ಹೇಳಬಾರದೆಂದು ಅತ್ತಿಯ ಕಟ್ಟಪ್ಪಣೆ. ನಮ್ಮ ಮನೆಯಲ್ಲಿ ಅವರು ಬರೀ ‘ನಮ್ಮವರು’.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ವಯಸ್ಸು ಎಪ್ಪತ್ತೆರಡು, ದನಿ ಇಪ್ಪತ್ತೆರಡು. ಸೋಲಾಪುರದ ಪೇಟೆಯಲ್ಲಿ ಸೀರೆ ಅಂಗಡಿ. ಮಾವ ತೀರಿಕೊಂಡಾಗ ಮಗ ಶಿವು ಇನ್ನೂ ಹಾಲು ಕುಡಿಯುವ ಕೂಸು. ಅವನನ್ನು ತೊಡೆಯ ಮೇಲೆ ಹಾಕಿಕೊಂಡೇ ಅತ್ತಿ ಅಂಗಡಿಯ ಗಾದಿಯ ಮೇಲೆ ಕೂತಳು. ಗಾದಿ ಎಂದರೆ ನೆಲಕ್ಕೆ ಹಾಸಿದ ದಪ್ಪ ಹತ್ತಿಯ ಹಾಸಿಗೆ, ಮೇಲೆ ಬಿಳಿ ಹಚ್ಚಡ. ಗಿರಾಕಿಯೂ ಚಪ್ಪಲಿ ಬಿಟ್ಟು ಅದರ ಮೇಲೇ ಕೂರಬೇಕು. ಅಲ್ಲಿ ಸಿಗುವುದು ಒಂದೇ ಮಾಲು, ಒಂಬತ್ತು ವಾರದ ಸೀರೆ. ಗಜಕ್ಕೆ ನಮ್ಮ ಕಡೆ ವಾರ ಎನ್ನುತ್ತಾರೆ. ಆರು ವಾರದ ಸೀರೆ ಬೇಕಾದವರು ಶಿವುನ ಕೌಂಟರಿಗೆ ಹೋಗಬೇಕು. “ಆರು ವಾರದ್ದು ಸೀರಿ ಅಲ್ಲ, ದೊಡ್ಡ ಟಾವೆಲ್ಲು” ಎಂಬುದು ಅತ್ತಿಯ ಅಭಿಪ್ರಾಯ. ಇಂಥ ಅಭಿಪ್ರಾಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ವ್ಯಾಪಾರ ನಡೆಯುತ್ತದೆ. ಆಕೆ ಆರು ವಾರದ ಗಿರಾಕಿಯ ಮುಖಕ್ಕೇ ಹೇಳುತ್ತಾಳೆ!

ಇಂಥವಳಿಗೂ ಅಮೆರಿಕಾದ ಫುಟ್‌ಬಾಲಿಗೂ ಎಲ್ಲಿಂದೆಲ್ಲಿಯ ನಂಟು? ಎರಡು ವರ್ಷದ ಹಿಂದೆ ಗಣಪತಿ ಹಬ್ಬದ ಹೊತ್ತಿಗೆ ಅತ್ತಿಯ ಮೊಳಕಾಲು ಊದಿಕೊಂಡಿತು. ಡಾಕ್ಟರು ಒಂದು ತಿಂಗಳು ಮನೆ ಬಿಟ್ಟು ಕದಲಕೂಡದು ಎಂದರು. ಹೊತ್ತು ಹೋಗಲೆಂದು ಶಿವು ಟೀವಿಯಲ್ಲಿ ಆಟದ ಆಪು ಹಾಕಿಸಿಕೊಟ್ಟ, ಕ್ರಿಕೆಟ್ ನೋಡಲಿ ಅಂತ. ಆಕೆ ರಿಮೋಟಿನಲ್ಲಿ ಯಾವ ಗುಂಡಿ ಒತ್ತಿದಳೋ ಶಿವನೇ ಬಲ್ಲ. ನಾನು ಸಾಲಿ ಮಾಸ್ತರಿಣಿ, ವಿಜಾಪುರ ರಸ್ತೆಯಲ್ಲಿ ಮನೆ. ಅಂದು ಚಪಾತಿ ಲಟ್ಟಿಸುತ್ತಿದ್ದಾಗ ಫೋನು ಬಂತು.

“ಲೇ, ಅಮೆರಿಕಾದವ್ರು ಅಳ್ಯಾಕತ್ತಾರ!”

“ಅಯ್ಯ! ಯಾಕ ಅಳಾಕತ್ತಾರ ಅತ್ತಿ? ಯಾರ ಸತ್ರು?”

“ಅಳೂದಲ್ಲ ಹುಚ್ಚಿ, ಅಳಿಯೂದು! ವಾರ ಅಳ್ಯಾಕತ್ತಾರ! ಲಗೂ ಬಾ!”

ಹೋಗಿ ನೋಡಿದೆ. ನಿಜ! ಇಬ್ಬರು ಎರಡು ಕೋಲು ಹಿಡಿದು, ನಡುವೆ ಸರಪಳಿ ಕಟ್ಟಿಕೊಂಡು, ಗಂಭೀರವಾಗಿ ಮೈದಾನದೊಳಗೆ ನಡೆದು ಬಂದರು. ಸಾವಿರಾರು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾಲ್ಕು ಪ್ರಯತ್ನದೊಳಗೆ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು, ಒಯ್ದರೋ ಇಲ್ಲವೋ ಎಂಬ ಸಂಶಯ ಬಂದಾಗ ಹೀಗೆ ಅಳೆಯುತ್ತಾರೆ ಎಂದು ನಾನು ಫೋನಿನಲ್ಲಿ ಓದಿ ಹೇಳಿದೆ. ಅತ್ತಿ ಕೈಯಲ್ಲಿದ್ದ ಚುರುಮುರಿ ತಟ್ಟೆ ಕೆಳಗಿಟ್ಟಳು. “ನೋಡಿದಿಯಿಲ್ಲೋ ಶಿವ್ಯಾ? ನೀ ಮೀಟರು ಮೀಟರು ಅಂತ ನನ್ನ ತಲಿ ತಿಂದಿ. ಅಮೆರಿಕಾದಾಗ ಇನ್ನಾ ವಾರ ನಡದೈತಿ!”

“ಮೈದಾನ ಎಷ್ಟು ವಾರ?” ಎಂದು ಕೇಳಿದಳು. ನೂರು ಎಂದೆ. ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. “ಹನ್ನೊಂದು ಮಂದಿಗೆ ಹನ್ನೊಂದು ಸೀರಿ ಆತು. ಉಳಿದ ಒಂದು ವಾರದಾಗ ಅಂಪಾಯರಗ ಒಂದು ಜಂಪರ ಪೀಸು!” ಲೆಕ್ಕ ತಪ್ಪಿದ್ದರೆ ಹೇಳಿ.

ಅಂದು ಅಳತೆಯಲ್ಲಿ ಕಮ್ಮಿ ಬಿದ್ದು ಸೋತ ತಂಡವೇ ಆಕೆಗೆ ‘ನಮ್ಮವರು’ ಆಯಿತು. ಆಟಕ್ಕೆ ಅತ್ತಿ ತನ್ನದೇ ಭಾಷ್ಯ ಬರೆದಳು. ನಾಲ್ಕು ಪ್ರಯತ್ನವೆಂದರೆ ಗಿರಾಕಿಗೆ ನಾಲ್ಕು ಸೀರೆ ಬಿಚ್ಚಿ ತೋರಿಸಿದ ಹಾಗೆ. ಆಟಗಾರರು ಪ್ರತಿ ಸಲ ತಲೆಗೆ ತಲೆ ಹಚ್ಚಿ ಗುಸುಗುಸು ಮಾಡುವುದು ಪಂಚಾಯತಿ. ಹೆಲ್ಮೆಟ್ಟಿನ ಬಗ್ಗೆ ಮಾತ್ರ ಆಕೆಗೆ ಅಪಾರ ಗೌರವ. “ನಮ್ಮಲ್ಲಿ ಗಾಡಿ ಮ್ಯಾಲ ಹೋಗೋರ ಹಾಕ್ಕೊಳ್ಳಂಗಿಲ್ಲ, ಅಲ್ಲಿ ಓಡೋರೂ ಹಾಕ್ಕೊಂಡಾರ!” ಆದರೆ ನಾಲ್ಕನೇ ಪ್ರಯತ್ನಕ್ಕೆ ಅಂಜಿ, ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರಲ್ಲ, ಅದನ್ನು ಕಂಡರೆ ಆಕೆಗೆ ಮೈ ಉರಿ. “ಒಂದ ವಾರ ಉಳದೈತಿ, ಹೋಗಲೇ! ಯಾಕ ಕೊಡ್ತಿ? ನಿಮ್ಮಪ್ಪಂದೇನು?” ಎಂದು ಟೀವಿಗೆ ಕೈ ತೋರಿಸುವಳು. ಟೀವಿಯೊಳಗಿನ ತರಬೇತುದಾರ ಕಿವಿಗೆ ಏನೋ ಹಾಕಿಕೊಂಡಿರುತ್ತಾನೆ. ಪುಣ್ಯವಂತ!

ವಾರ ಎಂಬ ಶಬ್ದದಿಂದ ಇನ್ನೊಂದು ಫಜೀತಿಯಾಯಿತು. ಸೀಸನ್ನು ವಾರಕ್ಕೊಂದು ಆಟದಂತೆ ನಡೆಯುತ್ತದೆ. “ಅತ್ತಿ, ಇದು ಒಂಬತ್ತನೇ ವಾರ” ಎಂದೆ ಒಂದು ದಿನ.

“ಒಂಬತ್ತಂದ್ರ ಸೆರಗು ಬಂತಲ್ಲ. ಹಂಗಾರ ಯಾಕ ಮುಗೀವಲ್ದು?”

“ಇನ್ನಾ ಒಂಬತ್ತು ವಾರ ಐತಿ ಅತ್ತಿ. ಒಟ್ಟು ಹದಿನೆಂಟು.”

“ಹಂಗನ್ನು ಮತ್ತ. ಜೋಡಿ ಸೀರಿ!”

ಆಟ ನಮ್ಮ ರವಿವಾರ ರಾತ್ರಿ ನಡೆಯುತ್ತದೆ. ಅತ್ತಿ ಒಂಬತ್ತಕ್ಕೆ ಮಲಗುವವಳು, ಹೀಗಾಗಿ ಸೋಮವಾರ ಮುಂಜಾನೆ ಎದ್ದು ನೋಡುತ್ತಾಳೆ. ಅಲ್ಲಿಯವರೆಗೆ ಫಲಿತಾಂಶ ಯಾರೂ ಆಕೆಯ ಕಿವಿಗೆ ಹಾಕಬಾರದು. ಸೋಲಾಪುರದಲ್ಲಿ ಅದು ಗೊತ್ತಿದ್ದವರಾದರೂ ಯಾರು? ಆದರೂ ಎಚ್ಚರಿಕೆ! ಒಂದು ಸೋಮವಾರ ಹಾಲು ಹಾಕುವ ಗೌಳಿ ಬಾಗಿಲಿಗೆ ಬಂದು “ಬಾಯಾರ” ಎಂದು ಅಮ್ಮಾವರನ್ನು ಕರೆಯುತ್ತಿದ್ದಂತೆ ಅತ್ತಿ ಎರಡೂ ಕಿವಿ ಮುಚ್ಚಿಕೊಂಡು ಕೂಗಿದಳು, “ಏನೂ ಹೇಳಬ್ಯಾಡ! ನನಗ ಎಲ್ಲಾ ತಿಳೀತದ! ನಾನ ಕಣ್ಣಾರೆ ನೋಡ್ತೀನಿ!” ಗೌಳಿಯ ಮುಖ ಬಿಳುಚಿತು. ಕೈ ಮುಗಿದು, “ತಪ್ಪಾತ್ರಿ ಬಾಯಾರ. ಇವತ್ತ ಸ್ವಲ್ಪ ಹಾಕೀನ್ರಿ ನೀರ, ದೇವರಾಣಿ ಸ್ವಲ್ಪ” ಎಂದ. ಅಂದಿನಿಂದ ಸೋಮವಾರದ ಚಹಾ ಗಟ್ಟಿಯಾಗಿರುತ್ತದೆ.

ಇಷ್ಟೆಲ್ಲ ಆದರೂ ನಮ್ಮವರು ಸೋಲುತ್ತಲೇ ಇದ್ದರು. ಮೊದಲ ಆಟ ಸೋತರು, ಎರಡನೆಯದೂ ಸೋತರು. ಮೂರನೆಯದರಲ್ಲಿ ಚೆಂಡು ಎಸೆಯುವ ಮುಖ್ಯ ಹುಡುಗನ, ಏಳನೇ ನಂಬರಿನವನ, ಭುಜವೇ ಸರಿಯಿತು. ಅತ್ತಿ ಊದಿದ ಮೊಳಕಾಲಿಗೆ ಪಟ್ಟಿ ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು, ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೊರಟಳು. ನಾನೇನೋ ಮೊಳಕಾಲಿಗೆ ಹರಕೆ ಎಂದುಕೊಂಡೆ. ಗುಡಿಯಲ್ಲಿ ಅರ್ಚಕರು ಮರಾಠಿಯಲ್ಲಿ, ಯಾರ ಹೆಸರಿನಲ್ಲಿ ಅಭಿಷೇಕ, ಗೋತ್ರ ಯಾವುದು ಎಂದು ಕೇಳಿದರು.

“ಹೆಸರು ನನ್ನ ಬಾಯಾಗ ತಿರಗಂಗಿಲ್ರಿ. ನಂಬರ ಸಾತ್ ಅಂತ ಬರ್ಕೋರಿ. ಮಗ ಅದಾನ. ಭುಜ ಸರದೈತಿ.”

ಅರ್ಚಕರಿಗೆ ಕನ್ನಡವೂ ಬರುತ್ತಿತ್ತು. “ಏಳನೇ ಮಗ ಏನ್ರಿ ತಾಯಿ?”

“ಏಳನೇದಂವ ಅಂತೇನಿಲ್ರಿ. ಐವತ್ಮೂರರಾಗ ಒಬ್ಬಾಂವ.”

ಅರ್ಚಕರು ದೇವರ ಕಡೆ ಬೆನ್ನು ಮಾಡಿ ಅತ್ತಿಗೇ ಕೈ ಮುಗಿದರು.

ದೀಪಾವಳಿಯ ಪಾಡ್ಯ ಬಂತು. ಅಂಗಡಿ ಪೂಜೆಯ ದಿನ. ಶಿವು ಅಂದೇ ಆ ಮಾತು ತೆಗೆದ. ಅವನು ಕೆಟ್ಟವನಲ್ಲ, ಬಹಳ ದಿನದಿಂದ ಗಂಟಲಲ್ಲಿ ಇಟ್ಟುಕೊಂಡದ್ದು. “ಅವ್ವಾ, ಒಂಬತ್ತು ವಾರದ್ದು ಈಗ ಯಾರ ಉಡ್ತಾರ? ತಡವಳದ ನಾಕು ಮುದುಕೇರು, ಕಂದಲಗಾಂವದ ಮೂರು ಮುದುಕೇರು. ಅರ್ಧ ಅಂಗಡಿ ಗಾದಿನ ತಿಂದೈತಿ. ತಗದು ಕುರ್ತಾ-ಲೆಗಿಂಗ್ಸಿಂದು ಕೌಂಟರ್ ಮಾಡೋಣು.”

ಅತ್ತಿ ಊದಿನಕಡ್ಡಿ ಹಚ್ಚುತ್ತಿದ್ದಳು. ಕೈ ನಿಂತಿತು. “ನಿನಗ ಈ ಗಾದಿ ಮ್ಯಾಲ ಹಾಲು ಕುಡಿಸೀನಿ.”

“ಅದಕ್ಕ ಇಷ್ಟು ದಿನಾ ಸುಮ್ಮಿದ್ದೆ ಅವ್ವಾ. ಸೋತ ಮಾಲು ಎಷ್ಟು ದಿನಾ ಹಿಡಕೊಂಡು ಕುಂದ್ರತಿ? ನಿನ್ನ ಆ ಅಮೆರಿಕಾದ ಮಂದಿಗತೆ!”

ಅಲ್ಲಿಗೆ ತಗಲಿತು ನೋಡಿ! “ನಮ್ಮವರಿಗಿ ಅಂತೀ? ಹಂಗಾರ ಕೇಳು. ಸಂಕ್ರಾಂತಿ ಒಳಗ ನಮ್ಮವರು ಒಂದ, ಒಂದರ ಆಟ ಗೆದ್ದರ ಈ ಗಾದಿ ನಾ ಸಾಯೂತನಾ ಇಲ್ಲೇ. ಗೆಲ್ಲಲಿಲ್ಲ, ನನ್ನ ಕೈಯಾರೆ ಸುತ್ತಿ ಕೊಡ್ತೀನಿ.” ಶಿವು ಬೇಡ ಎನ್ನುವುದರೊಳಗೆ ಆಕೆ ಪೂಜೆಯ ವೀಳ್ಯದೆಲೆ ಮುಟ್ಟಿ ಆಣೆ ಹಾಕಿಬಿಟ್ಟಳು. ಐವತ್ಮೂರು ಮಂದಿ ಪರದೇಶಿಗಳ ಕಾಲಿಗೆ ಯಾರಾದರೂ ಜೀವಮಾನದ ಗಾದಿ ಕಟ್ಟುತ್ತಾರೆಯೇ?

ಆಮೇಲೆ ಶುರುವಾಯಿತು ನಮ್ಮ ಸೋಮವಾರಗಳ ಸೂತಕ. ನಮ್ಮವರು ದೊಡ್ಡ ಅಂತರದಿಂದ ಸೋತರು, ಕೂದಲೆಳೆಯಲ್ಲಿ ಸೋತರು, ಗೆಲ್ಲುವ ಆಟವನ್ನು ಹುಡುಕಿ ಹುಡುಕಿ ಸೋತರು. ಶಿವುನಿಗೇ ಕನಿಕರ ಬಂತು. “ಅವ್ವಾ, ಬ್ಯಾರೆ ತಂಡ ಹಿಡಿ. ಇದನ್ನ ನೋಡು, ಒಂದೂ ಸೋತಿಲ್ಲ. ಮಾತಿನಾಗ ಇದನ್ನ ಇಟ್ಟಕೊಳ್ಳೋಣು” ಎಂದು ಫೋನು ತೋರಿಸಿದ. ಅತ್ತಿ ಫೋನಿನ ಕಡೆ ಕಣ್ಣೆತ್ತಲಿಲ್ಲ. “ಗೆದ್ದವರ ಮನಿಗೆ ಊರೆಲ್ಲಾ ಹೋಗ್ತದ. ಅವರಿಗೆ ನನ್ನ ಗರಜು ಏನೈತಿ? ಸೋತವರ ಕಡೆ ಕುಂದ್ರಾಕ ಒಬ್ಬಾಕೆರ ಬೇಕೋ ಬ್ಯಾಡೋ?” ಪ್ರತಿ ಸೋಲಿನ ಮರುದಿನ ಆಕೆ ಇನ್ನೂ ಕೆಂಪಾದ, ಇನ್ನೂ ಅಗಲ ದಡಿಯ ಸೀರೆ ಉಟ್ಟು, ಕಚ್ಚೆ ಬಿಗಿದು ಅಂಗಡಿಗೆ ಬರುತ್ತಿದ್ದಳು. ಪೇಟೆಯವರು ಮನೆಯಲ್ಲಿ ಏನು ಶುಭಕಾರ್ಯ ಎಂದು ಕೇಳಿದರೆ, “ಸೋತೀವಿ!” ಎಂದು ಎದೆ ಸೆಟೆಸಿ ಹೇಳುವಳು.

ಜನವರಿಯ ಮೊದಲ ಸೋಮವಾರ ಕೊನೆಯ ಆಟ. ಅತ್ತಿಯ ಮನೆಯಲ್ಲಿ ಟೀವಿಯ ಮುಂದೆ ನಾನು, ಶಿವು, ಅತ್ತಿ. ಯಾರೂ ಫಲಿತಾಂಶ ನೋಡಿರಲಿಲ್ಲ. ನಮ್ಮವರು ಎಂದೂ ಆಡದ ಹಾಗೆ ಆಡಿದರು! ಕೊನೆಯ ನಿಮಿಷಕ್ಕೆ ಬರೀ ನಾಲ್ಕು ಪಾಯಿಂಟು ಹಿಂದೆ. ಗುರಿ ಕಣ್ಣೆದುರಿಗಿದೆ, ನಾಲ್ಕನೇ ಪ್ರಯತ್ನ, ಹತ್ತು ವಾರ ತುಂಬಲು ಇನ್ನೊಂದೇ ವಾರ ಬಾಕಿ. ಹತ್ತು ತುಂಬಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಮುಗಿಯಿತು. ಅತ್ತಿ ಎದ್ದು ನಿಂತಳು. “ಹೋಗಲೇ ಮಗನ! ಹೋಗು!” ಶಿವುನೂ ಎದ್ದ. ಭುಜ ವಾಸಿಯಾಗಿ ಮರಳಿದ್ದ ಏಳನೇ ನಂಬರಿನವನು ಚೆಂಡು ಅವಚಿಕೊಂಡು ಗುಂಪಿನೊಳಗೆ ನುಗ್ಗಿದ. ಹೆಣದ ಮೇಲೆ ಹೆಣ ಬಿದ್ದಂತೆ ಎಲ್ಲರೂ ಮೇಲೆ ಬಿದ್ದರು. “ಬಿಡಬ್ಯಾಡ! ಬಿಡಬ್ಯಾಡ!” ಎಂದು ಯಾರೋ ಕಿರುಚಿದರು. ತಿರುಗಿ ನೋಡಿದರೆ ಶಿವು!

ಸರಪಳಿ ಬಂತು. ಎಳೆದು ಹಿಡಿದರು.

ಒಂದು ಗೇಣು ಕಡಿಮೆ.

“ಒಂದು ಗೇಣು!” ಎಂದಳು ಅತ್ತಿ. “ಐವತ್ತು ವರ್ಷದಾಗ ಗಿರಾಕಿಗೆ ನಾ ಒಂದು ಗೇಣು ಕಮ್ಮಿ ಕೊಟ್ಟಿಲ್ಲ, ಮ್ಯಾಲ ಕೊಟ್ಟೀನಿ. ಇವರಿಗೆ ಒಂದು ಗೇಣು ಬಿಡಾಕ ಆಗಲಿಲ್ಲ!” ಅಷ್ಟೇ. ಅಳಲಿಲ್ಲ. ಟೀವಿ ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪಲಿ ಮೆಟ್ಟಿದಳು. “ನಡೀರಿ. ಕೌಂಟರ್ ಮಾಡಾಕ ಬಡಿಗ್ಯಾಗ ಫೋನ್ ಹಚ್ಚು ಶಿವ್ಯಾ.” “ಅವ್ವಾ, ಚ್ಯಾಷ್ಟಿ ಮಾತು ಅದು, ಬಿಡು” ಎಂದ ಅವನು. “ಎಲಿ ಮುಟ್ಟಿ ಆಡಿದ ಮಾತು ಚ್ಯಾಷ್ಟಿ ಹೆಂಗಾಗತದ? ನಾ ಸೋತೀನಿ. ಸೋತವರಂಗ ಸೋಲಾಕರ ಬಿಡು ನನ್ನ.”

ಅಂಗಡಿಯಲ್ಲಿ ಆಕೆ ಯಾರನ್ನೂ ಮುಟ್ಟಗೊಡಲಿಲ್ಲ. ಹಚ್ಚಡ ತೆಗೆದು ಮಡಿಚಿದಳು. ಮೊಳಕಾಲೂರಿ, ಏದುಸಿರು ಬಿಡುತ್ತ, ಗಾದಿಯನ್ನು ಸುತ್ತಿದಳು. ಕೆಳಗಿನ ಶಹಾಬಾದಿ ಕಲ್ಲು ಐವತ್ತು ವರ್ಷದ ಮೇಲೆ ಬೆಳಕು ಕಂಡಿತು. ನನಗೆ ನೋಡಲಾಗಲಿಲ್ಲ. ಶಿವು ಗೋಡೆಗೆ ಮುಖ ಮಾಡಿ ನಿಂತಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮುದುಕಿ. ತಡವಳದಾಕೆ, ಎಂಬತ್ತು ದಾಟಿದ ಹಳೆಯ ಗಿರಾಕಿ; ಮುಂಜಾನೆಯ ಬಸ್ಸಿಗೆ ಒಬ್ಬಳೇ ಬಂದಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು, ಕೂರಲು ಗಾದಿ ಕಾಣದೆ ಹಾಗೇ ನಿಂತಳು.

“ಬಾಯಿ, ಒಂಬತ್ತು ವಾರದ್ದು ಒಂದು ತಗಿ. ಹಸರಂದು. ನನಗ ಕಡೀಕ ಉಡಸೂದು. ಯಜಮಾನ ಇನ್ನಾ ಗಟ್ಟಿ ಅದಾನ, ಮುತ್ತೈದಿಯಾಗಿ ಮುಂದ ಹೊಂಟಾಕಿ ನಾನ. ಸೊಸ್ಯಾರ ಕಡೆ ಬರೇ ಆರು ವಾರದ್ದು ಅದಾವ. ಅದರಾಗ ಕಾಲು ಮುಚ್ಚಂಗಿಲ್ಲ. ಅದನ್ನ ಉಡಿಸಿದ್ರ ನಾ ಹೋಗಾಕಿ ಅಲ್ಲ ಅಂತ ಹೇಳಿ ಬಂದೀನಿ!”

ಅತ್ತಿ ಸುತ್ತಿದ ಗಾದಿಯ ಮೇಲೆ ಕೈಯಿಟ್ಟುಕೊಂಡು ನಿಂತಳು. “ಇವತ್ತಿಂದ ಇಲ್ಲಿ ಒಂಬತ್ತು ವಾರದ್ದು ಇಲ್ಲವ್ವ. ನಾ ಮಾತು ಸೋತೀನಿ.” ಎಂಥ ಹಟ ನೋಡಿ! ಕಪಾಟಿನ ತುಂಬ ಸೀರೆ ಇಟ್ಟುಕೊಂಡು ಇಲ್ಲ ಎನ್ನುತ್ತಾಳೆ.

ಶಿವು ಗೋಡೆ ಬಿಟ್ಟು ತಿರುಗಿದ. ಬಗ್ಗಿ ಗಾದಿಯನ್ನು ಒಂದೇ ಸಲಕ್ಕೆ ಬಿಚ್ಚಿ ಹಾಸಿದ. ಹಚ್ಚಡ ಕೊಡವಿ ಹೊಚ್ಚಿದ. ಮುದುಕಿಯ ಕೈ ಹಿಡಿದು ಕೂರಿಸಿದ. “ಅವ್ವಾ, ಕುಂದ್ರು. ಗಿರಾಕಿ ಬಂದಾರ.”

“ನಾ ಸೋತೀನಲ್ಲೋ?”

“ನೀ ಸೋತೀದಿ. ಈ ಆಯಿ ಎಲ್ಲಿ ಸೋತಾಳ?”

ಅತ್ತಿ ಕೂತಳು. ಕಪಾಟಿನಿಂದ ಹಸಿರು ಸೀರೆ ತೆಗೆದು ಮುದುಕಿಯ ಮಡಿಲಿಗೆ ಬಿಚ್ಚುತ್ತ ಬಿಚ್ಚುತ್ತ, ಸೀಸನ್ನಿನುದ್ದಕ್ಕೂ ಒಂದು ಹನಿ ಹಾಕದವಳು, ಬಿಕ್ಕಿ ಬಿಕ್ಕಿ ಅತ್ತಳು. ಮುದುಕಿ ಗಾಬರಿಯಾಗಿ ಆಕೆಯ ಕೆನ್ನೆ ಒರೆಸಿದಳು.

“ಸುಮ್ಮನಿರ, ಬಾಯಿ. ಅಳಬ್ಯಾಡ. ನಾ ಇನ್ನಾ ಸತ್ತಿಲ್ಲ.”