ಒರಳಿನಲ್ಲಿ ಒತ್ತಿದ ಬ್ರಷ್ಷು

ಸೋಲ್ಡರಿಂಗ್ ಮಾಡುವವರಿಗೆ ಬ್ರಷ್ಷಿನ ಕಷ್ಟವನ್ನು ಹೇಳಬೇಕಾಗಿಲ್ಲ. ಮಾಡದವರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಆದರೂ ಹೇಳುತ್ತೇನೆ. ತಂತಿ ಬೆಸೆಯುವ ಮುಂಚೆ ಆ ಜಾಗಕ್ಕೆ ಪೇಸ್ಟು ಬಳಿಯಬೇಕು. ಬಳಿಯಲು ನಾನು ಹಳೆಯ ಟೂತ್‌ಬ್ರಷ್ಷು ಇಟ್ಟುಕೊಂಡಿದ್ದೆ. ಕಾದ ಕಬ್ಬಿಣ ತಾಗಿದ್ದೇ ತಡ, ಅದರ ಎಳೆಗಳು ಕರಗಿ, ಮುದುಡಿ, ಮನೆಯೆಲ್ಲ ನಾರುತ್ತಿತ್ತು. ಹಳೆಯ ಟೂತ್‌ಬ್ರಷ್ಷುಗಳು ಮುಗಿದ ಮೇಲೆ ಹೊಸವೂ ಒಂದೊಂದಾಗಿ ಹಳೆಯವಾಗತೊಡಗಿದವು.

"ರೀ, ಇವತ್ತೂ ನನ್ ಬ್ರಷ್ ಕಾಣ್ತಿಲ್ಲ" ಎಂದು ನನ್ನ ಹೆಂಡತಿ ಸರೋಜ ಬೆಳಿಗ್ಗೆ ಬೆಳಿಗ್ಗೆಯೇ ರಾಗ ತೆಗೆಯುತ್ತಿದ್ದಳು.

ಹೊಳೆನರಸೀಪುರದಲ್ಲಿ ಆಗ ತಾನೇ ಕೇಬಲ್ ಟಿವಿ ಬಂದಿದ್ದ ಕಾಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸಂಜೆ ಹೊತ್ತು ರೇಡಿಯೋ ರಿಪೇರಿ ಮಾಡುವುದು ನನ್ನ ಹವ್ಯಾಸ. ರೇಡಿಯೋ ಕೊಟ್ಟವರ ಪಾಲಿಗೆ ಅದು ಹಣೆಬರಹ!

ಒಂದು ಶನಿವಾರ ಹಾಸನಕ್ಕೆ ಹೋದಾಗ ಗಾಜಿನಂಗಡಿಯವನೊಬ್ಬ ಮೀನಿನ ತೊಟ್ಟಿಗೆ ಸಿಲಿಕೋನ್ ಮೆತ್ತುತ್ತಿದ್ದ. "ಒಣಗಿದ್ಮೇಲೆ ರಬ್ಬರ್ ಇದ್ದಂಗೆ ಆಯ್ತದೆ ಸಾ. ಬಿಸಿ ತಾಗಿದ್ರೂ ಏನೂ ಆಗಾಕಿಲ್ಲ" ಎಂದ. ನನ್ನ ತಲೆಯಲ್ಲಿ ದೀಪ ಹತ್ತಿತು. ಇದನ್ನೇ ಸಣ್ಣ ಸಣ್ಣ ಎಳೆ ಮಾಡಿ, ಕಟ್ಟಿ, ಖಾಲಿ ಪೆನ್ನಿನ ಕೊಳವೆಗೆ ಸಿಕ್ಕಿಸಿದರೆ ಕರಗದ ಬ್ರಷ್ಷು! ಒಂದು ಟ್ಯೂಬು ಕೊಂಡು ಮಧ್ಯಾಹ್ನದ ಬಸ್ಸಿಗೇ ವಾಪಸು ಬಂದೆ.

ಎಳೆ ಮಾಡುವುದು ಹೇಗೆ ಎಂಬ ಗಹನವಾದ ಪ್ರಶ್ನೆಗೆ ಉತ್ತರ ಅಡುಗೆಮನೆಯಲ್ಲೇ ಇತ್ತು. ನಮ್ಮ ಮದುವೆಗೆ ಅತ್ತೆ ಕೊಟ್ಟಿದ್ದ ಹಿತ್ತಾಳೆಯ ಶಾವಿಗೆ ಒರಳು! ಸರೋಜ ತೆಂಗಿನಕಾಯಿ ತರಲು ಪೇಟೆಗೆ ಹೋಗಿದ್ದಳು. ನಾನು ಒರಳಿನ ಒಳಗೆ ಎಣ್ಣೆ ಸವರಿ, ಸಿಲಿಕೋನ್ ತುಂಬಿ, ತಾರಸಿಯ ಮೇಲೆ ನನ್ನ ಬಿಳಿ ಪಂಚೆ ಹಾಸಿ ಒತ್ತತೊಡಗಿದೆ. ಎಂಥ ಎಳೆಗಳು! ಬೆಳ್ಳಗೆ, ತೆಳ್ಳಗೆ, ಒಂದಕ್ಕೊಂದು ಅಂಟದೆ! ಹುಳಿ ವಾಸನೆ ಮಾತ್ರ ಬೀದಿಗೆಲ್ಲ ಹಬ್ಬಿತು.

ಪಕ್ಕದ ಮನೆಯ ಜಯಮ್ಮ ಕೆಳಗಿನಿಂದಲೇ ಕೂಗಿದರು. "ಏನ್ ಸಾ, ಉಪ್ಪಿನಕಾಯಿ ಕೆಟ್ಟೋಯ್ತಾ?"

"ಸಂಶೋಧನೆ ನಡೀತಿದೆ!" ಎಂದೆ ಗಂಭೀರವಾಗಿ.

ಸಂಶೋಧಕನು ತನ್ನ ಎಳೆಗಳನ್ನು ನೋಡಿ ಮೈಮರೆತಿರುವಾಗ ಒರಳಿನೊಳಗೆ ಉಳಿದಿದ್ದ ಸಿಲಿಕೋನ್ ಗಟ್ಟಿಯಾಗಿ, ಒತ್ತುವ ಹಿಡಿ ಸಿಕ್ಕಿಕೊಂಡಿತು. ಎಷ್ಟು ಎಳೆದರೂ ಬರಲಿಲ್ಲ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಎಳೆಗಳನ್ನು ಪಂಚೆಯ ಮೇಲೆಯೇ ಒಣಗಲು ಬಿಟ್ಟು, ಕೆಳಗೆ ಓಡಿ, ಒರಳನ್ನು ಅಕ್ಕಿ ಡ್ರಮ್ಮಿನ ಹಿಂದೆ ತಳ್ಳಿದೆ.

ಸರೋಜ ಇಷ್ಟೊಂದು ಕಾಯಿ ಏಕೆ ತಂದಳೆಂದು ನಾನು ಆಗ ಕೇಳಬೇಕಿತ್ತು. ಮರುದಿನ ಭಾನುವಾರ ಅವಳ ತಂಗಿ ತನ್ನ ಹೊಸ ಗಂಡನ ಜೊತೆ ಚನ್ನರಾಯಪಟ್ಟಣದಿಂದ ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬರುವವಳಿದ್ದಳು. ಹೊಸ ಅಳಿಯನಿಗೆ ಶಾವಿಗೆ, ಕಾಯಿಹಾಲು ಎಂದರೆ ಪ್ರಾಣ. ಶಾವಿಗೆ ಒತ್ತುವುದೆಂದು ತಿಂಗಳ ಹಿಂದೆಯೇ ತೀರ್ಮಾನವಾಗಿತ್ತು. ನನಗೂ ಹೇಳಿದ್ದಳಂತೆ. ರೇಡಿಯೋ ಬಿಚ್ಚಿಕೊಂಡಿದ್ದಾಗ ಹೇಳಿದರೆ ನನಗೆ ಹೇಗೆ ಕೇಳಿಸಬೇಕು?

ಬೆಳಿಗ್ಗೆ ಮೊದಲ ಬಸ್ಸಿಗೇ ಅತ್ತೆ ಅರಕಲಗೂಡಿನಿಂದ ಬಂದರು. ಒರಳಿಗಾಗಿ ಮನೆಯೆಲ್ಲ ಹುಡುಕಾಟ. ನಾನು ಬಾಳೆ ಎಲೆ ತರುವ ನೆಪದಲ್ಲಿ ಜಾಗ ಖಾಲಿ ಮಾಡಿದೆ. ಆದಷ್ಟು ನಿಧಾನವಾಗಿ ತಂದೆ. ಬರುವಷ್ಟರಲ್ಲಿ ಹೊಸ ಜೋಡಿ ಪಡಸಾಲೆಯಲ್ಲಿ ಕುಳಿತಿತ್ತು. ಒಳಗಿನಿಂದ ಕಾಯಿಹಾಲಿನ, ಏಲಕ್ಕಿಯ ಘಮ. ಸದ್ಯ, ಹೇಗೋ ಶಾವಿಗೆ ಆಯಿತಲ್ಲ ಎಂದು ನೆಮ್ಮದಿಯಿಂದ ಅಡುಗೆಮನೆಗೆ ಹೋದೆ.

ಅತ್ತೆ ಸೌಟು ಹಿಡಿದು ಬೆವರುತ್ತಿದ್ದರು. "ಇದೇನ್ ಶಾವ್ಗೆನೇ ಸರೋಜಾ? ಆವಾಗ್ಲಿಂದ ಕುದೀತಾ ಅದೆ, ಒಂಚೂರೂ ಬೇಯ್ತಿಲ್ಲ ಕಣೆ!"

"ನನ್ನ ಕೇಳಿದ್ರೆ? ನೀನೇ ತಾನೆ ಊರಿಂದ ತಂದಿದ್ದು?"

"ನಾನೆಲ್ಲಿ ತಂದೆ? ಸೀರೆ ಒಣಗಾಕಾಕೆ ಮ್ಯಾಕೋಗಿದ್ದೆ. ಪಂಚೆ ಮ್ಯಾಲೆ ಚೆಂದಾಗಿ ಒಣಗಿತ್ತಲ್ಲ, ಅದೇ ಇದು! ಹಿಟ್ಟು ಒಸಿ ಹುಳಿ ಬಂದದೆ ಅನ್ಕಂಡೆ. ಸಬ್ಬಕ್ಕಿ ಬೆರೆಸಿದ್ದೀಯೇನೋ ಅಂತ ಸುಮ್ನಾದೆ."

ನಾನು ಪಾತ್ರೆಯೊಳಗೆ ಇಣುಕಿದೆ. ಕೊತಕೊತ ಕುದಿಯುವ ನೀರಿನಲ್ಲಿ ನನ್ನ ಎಳೆಗಳು ಗಿರಗಿರನೆ ತಿರುಗುತ್ತಿದ್ದವು. ಬುದ್ಧಿ ಇರುವವನು ಆಗ ಹಿತ್ತಲ ಬಾಗಿಲಿನಿಂದ ಓಡಿಹೋಗುತ್ತಿದ್ದ. ನಾನು ವಿಜ್ಞಾನದ ಮೇಷ್ಟ್ರು.

"ಕರಗಿಲ್ಲ! ನೋಡು ಸರೋಜಾ, ಒಂದೆಳೇನೂ ಕರಗಿಲ್ಲ!" ಎಂದು ಖುಷಿಯಿಂದ ಕೂಗಿಬಿಟ್ಟೆ.

ಸರೋಜ ನನ್ನ ಕಡೆ ತಿರುಗಿದಳು.

"ಏನ್ರೀ ಅದು?"

"ಬ್ರಷ್ಷು."

"ಅಯ್ಯೋ ಶಿವನೇ, ಹಲ್ಲುಜ್ಜೋದಾ?" ಎಂದರು ಅತ್ತೆ.

"ಅಲ್ಲ ಅತ್ತೆ, ಪೇಸ್ಟ್ ಬಳಿಯೋದು" ಎಂದೆ. ವಿವರಣೆಯಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

"ಒರಳೆಲ್ಲಿ?" ಎಂದಳು ಸರೋಜ, ಬಹಳ ಮೆಲ್ಲಗೆ. ಅವಳು ಕೂಗಾಡಿದರೆ ನನಗೆ ಭಯವಿಲ್ಲ. ಮೆಲ್ಲಗೆ ಮಾತಾಡಿದರೆ ಮಾತ್ರ ಹೇಳಿದ್ದನ್ನು ತಕ್ಷಣ ಮಾಡುತ್ತೇನೆ. ಡ್ರಮ್ಮಿನ ಹಿಂದಿನಿಂದ ಒರಳನ್ನು ತೆಗೆದುಕೊಟ್ಟೆ.

ಗದ್ದಲ ಕೇಳಿ ಹೊಸ ಅಳಿಯ ಮಹೇಶ ಎದ್ದು ಬಂದ. ಒಳ್ಳೆಯ ಹುಡುಗ. "ಕೊಡಿ ಇಲ್ಲಿ ಭಾವ, ಇಬ್ರೂ ಸೇರಿ ಎಳ್ದ್ರೆ ಬತ್ತದೆ" ಎಂದು ಒಂದು ಕಡೆ ಹಿಡಿದ. ನಾನು ಇನ್ನೊಂದು ಕಡೆ ಹಿಡಿದೆ. ಎಳೆದೆವು. ಬಂತು! ಬಂದ ರಭಸಕ್ಕೆ ಮಹೇಶ ಹಿಂದಕ್ಕೆ ಹೋಗಿ, ತಣಿಯಲು ಇಟ್ಟಿದ್ದ ಕಾಯಿಹಾಲಿನ ಪಾತ್ರೆಯಲ್ಲಿ ಕುಳಿತ. ಮದುವೆಯ ಪಂಚೆ ಸಮೇತ!

ಹೊಸ ಅಳಿಯನ ಮೊದಲ ಊಟ ನನ್ನ ಹಳೆಯ ಲುಂಗಿಯಲ್ಲಿ ನಡೆಯಿತು. ಶಾವಿಗೆಯ ಜಾಗದಲ್ಲಿ ಎಲೆಗೆ ಎರಡು ಬಾಳೆಹಣ್ಣು ಬಿದ್ದವು. ಅವನು ಪಾಪ, ನಗುವನ್ನು ತಡೆಯಲು ಮತ್ತೆ ಮತ್ತೆ ನೀರು ಕುಡಿದ. ಸರೋಜ ತಲೆ ಎತ್ತದೆಯೇ ಬಡಿಸಿದಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು.

ಸಂಜೆ ಎಳೆಗಳನ್ನು ಆರಿಸಿ ಬ್ರಷ್ಷು ಕಟ್ಟಿದೆ. ಇಷ್ಟಾದ ಮೇಲೆ ಬಿಡುವುದುಂಟೆ! ಕಾದ ಕಬ್ಬಿಣಕ್ಕೆ ಅದು ಜಗ್ಗಲಿಲ್ಲ. ಆದರೆ ಪೇಸ್ಟೂ ಅದಕ್ಕೆ ಅಂಟಲಿಲ್ಲ. ಮತ್ತೆ ಟೂತ್‌ಬ್ರಷ್ಷೇ ಗತಿಯಾಯಿತು.

ಒರಳಿನ ತೂತುಗಳು ಇವತ್ತಿಗೂ ತೆರೆದುಕೊಂಡಿಲ್ಲ. ನನ್ನ ಮೇಜಿನ ಮೇಲೆ ಅದು ಸೋಲ್ಡರಿಂಗ್ ಕಬ್ಬಿಣದ ಸ್ಟ್ಯಾಂಡಾಗಿದೆ. ಅತ್ತೆ ಹೊಸ ಒರಳು ಕೊಂಡರು, ನಮಗಲ್ಲ. ನಮ್ಮ ಮನೆಗೆ ಬರುವಾಗ ಚೀಲದಲ್ಲಿ ತರುತ್ತಾರೆ, ಶಾವಿಗೆ ಒತ್ತಿ, ತೊಳೆದು, ಅದೇ ಚೀಲದಲ್ಲಿ ವಾಪಸು ಒಯ್ಯುತ್ತಾರೆ. ಊಟಕ್ಕೆ ಕೂತಾಗ ಮೊದಲ ತುತ್ತು ಯಾವಾಗಲೂ ನನ್ನ ಎಲೆಗೇ ಬೀಳುತ್ತದೆ. ಹಿರಿಯ ಅಳಿಯನೆಂಬ ಗೌರವ ಎಂದು ನೋಡಿದವರು ತಿಳಿಯಬೇಕು. ನಾನು ಜಗಿದು ನುಂಗುವವರೆಗೂ ಮಹೇಶ ತನ್ನ ಎಲೆಗೆ ಕೈ ಹಾಕುವುದಿಲ್ಲ.