ದಾರ ಹಿಡಿದು ಆಕಾಶ ಅಳೆದವರು

ನಮ್ಮ ಕಾಕಾ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೂ ವಿಮಾನದ ವಿಷಯದಲ್ಲಿ ಇಡೀ ಬರೋಡಾದಲ್ಲಿ ಅವರಿಗಿಂತ ಹೆಚ್ಚು ತಿಳಿದವರಿರಲಿಲ್ಲ. ಇದು ನನ್ನ ಮಾತಲ್ಲ, ಅವರದೇ.

ಧಾರವಾಡ ಬಿಟ್ಟು ಬಂದ ರೈಲ್ವೆ ಗುಮಾಸ್ತರು ಅವರು. ಅರವತ್ತರ ದಶಕದ ಕೊನೆಯಲ್ಲಿ ನಾನು ಬರೋಡಾದ ಮಕರಪುರದ ಕಾರ್ಖಾನೆಯೊಂದಕ್ಕೆ ಸೇರಿ ಅವರ ಮನೆಯಲ್ಲೇ ಇದ್ದೆ. ರೈಲಿಗೆ ಮೈಲಿಯ ಲೆಕ್ಕದಲ್ಲಿ ದರವಿರುವಾಗ ವಿಮಾನದವರು ಮಾತ್ರ ಊರಿಗೊಂದು ನ್ಯಾಯ ಮಾಡುವುದೇಕೆ? ಕಾಕಾರನ್ನು ಕಾಡುತ್ತಿದ್ದ ಪ್ರಶ್ನೆ ಇದು. ಗೋಡೆಯ ಭೂಪಟದ ಮೇಲೆ ಹೊಲಿಗೆ ದಾರ ಎಳೆದು ಅಹಮದಾಬಾದಿನಿಂದ ಮುಂಬಯಿಗೆ, ಬರೋಡಾದಿಂದ ಮುಂಬಯಿಗೆ ಅಳೆಯುತ್ತಿದ್ದರು. ಅಳತೆಗೂ ದರಕ್ಕೂ ತಾಳೆಯಾಗುತ್ತಿರಲಿಲ್ಲ.

“ಕುಬಸದ ಗುಂಡಿ ಹಚ್ಚಲಿಕ್ಕೆ ಮನ್ಯಾಗ ದಾರ ಇಲ್ಲ,” ಎನ್ನುತ್ತಿದ್ದರು ಅವರ ಹೆಂಡತಿ, ನಮ್ಮ ಕಾಕು. “ನಿಮ್ಮ ಕಾಕಾ ಮುಂಬಯಿ ತನಕ ಹಾಸ್ಯಾರ.”

ಶನಿವಾರ ಅರ್ಧ ದಿನ ರಜೆ. ಅಂದು ಕಾಕಾ ಅಲ್ಕಾಪುರಿಯ ವಿಮಾನ ಟಿಕೆಟ್ ಕಚೇರಿಗೆ ಹಾಜರು. ಅಲ್ಲಿಯ ಗುಜರಾತಿ ಗುಮಾಸ್ತ ಇವರನ್ನು ಕಂಡೊಡನೆ, “ಕಾಕಾ, ಇವತ್ತು ನನಗೆ ತಲೆನೋವು,” ಎನ್ನುತ್ತಿದ್ದ. ಆದರೆ ಚಹಾ ತರಿಸುತ್ತಿದ್ದ, ಉತ್ತರವನ್ನೂ ಹೇಳುತ್ತಿದ್ದ. ವಿಮಾನ ಮೇಲೇರುವಾಗಲೇ ಎಣ್ಣೆ ಹೆಚ್ಚು ಉರಿಯುತ್ತದೆ, ಹಾಗಾಗಿ ದಾರಿ ಗಿಡ್ಡವಾದಷ್ಟೂ ಮೈಲಿಗೆ ಖರ್ಚು ಹೆಚ್ಚು. ಸೀಟು ಖಾಲಿ ಹೋದರೆ ಅದರ ಖರ್ಚನ್ನೂ ಕುಳಿತವರೇ ಹೊರಬೇಕು.

ಕಾಕಾ ಮನೆಗೆ ಬಂದು ಅದನ್ನೇ ಅಡುಗೆಮನೆಯಲ್ಲಿ ಬೋಧಿಸಿದರು. “ಒಂದ ಭಕ್ರಿ ಬೇಯಸಲಿಕ್ಕೂ ಹಂಚು ಪೂರ್ತಿ ಕಾಯಬೇಕಲ್ಲ?”

“ಹಂಗಾರ ನಿಮಗೊಬ್ಬರಿಗೆ ಹಂಚು ಇಡೂದು ಲುಕ್ಸಾನು,” ಎಂದರು ಕಾಕು. “ಇವತ್ತ ಉಪಾಸ ಇರ್ರಿ.”

ಒಮ್ಮೆ ಸಹೋದ್ಯೋಗಿಯ ಮಗಳ ಮದುವೆಗೆಂದು ಸೂರತ್ತಿಗೆ ಹೋದೆವು. ಆ ಊರಿನ ಉಧ್ನಾ ಬಡಾವಣೆಯಲ್ಲಿ ಮಗ್ಗದ ಯಜಮಾನನೊಬ್ಬನನ್ನು ಕಾಕಾ ನಿಲ್ಲಿಸಿ, ನಿಮ್ಮೂರಿಗೆ ವಿಮಾನವೇಕಿಲ್ಲ ಎಂದು ಕೇಳಿದರು. ಆತ ನಕ್ಕ. “ವಿಮಾನಕ್ಕೆ ಕಾಯುವಷ್ಟರಲ್ಲಿ ರೈಲು ಮುಂಬಯಿ ಮುಟ್ಟಿಸುತ್ತದೆ.” ರೈಲ್ವೆಗೆ ಸಂದ ಈ ಹೊಗಳಿಕೆಯನ್ನು ಕಾಕಾ ಮೂರು ಸಲ ಹೇಳಿಸಿ ಕೇಳಿದರು. ನಾವು ಮಂಟಪ ಮುಟ್ಟಿದಾಗ ಅಕ್ಷತೆ ಮುಗಿದಿತ್ತು.

ಒಂದು ಸೋಮವಾರ ಬೆಳಿಗ್ಗೆ ಧಾರವಾಡದಿಂದ ತಂತಿ ಬಂತು. ನನ್ನ ಅಪ್ಪನಿಗೆ, ಎಂದರೆ ಕಾಕಾರ ಒಬ್ಬನೇ ಅಣ್ಣನಿಗೆ, ಬುಧವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಕೂಡಲೇ ಹೊರಡಿ. ರೈಲಿನಲ್ಲಿ ಹೋದರೆ ಮುಂಬಯಿಯಲ್ಲಿ ಆ ರಾತ್ರಿಯ ಗಾಡಿ ತಪ್ಪಿ, ಊರು ಮುಟ್ಟುವುದು ಬುಧವಾರ ಮಧ್ಯಾಹ್ನ. ವಿಮಾನದಲ್ಲಾದರೆ ಆ ಗಾಡಿ ಸಿಕ್ಕಿ ಮಂಗಳವಾರ ಸಂಜೆ.

ಇಬ್ಬರೂ ಅಲ್ಕಾಪುರಿಗೆ ಓಡಿದೆವು. “ಕಾಕಾ, ಇವತ್ತು ಶನಿವಾರ ಅಲ್ಲ,” ಎಂದು ನಗುತ್ತ ಶುರು ಮಾಡಿದ ಗುಮಾಸ್ತ ತಂತಿ ಓದಿ ಪ್ರಯಾಣಿಕರ ಪಟ್ಟಿ ತೆರೆದ. ವಿಮಾನ ಭರ್ತಿಯಾಗಿತ್ತು. ಅವನು ಸೀಟು ಕಾದಿರಿಸಿದ್ದ ಮೂವರು ವ್ಯಾಪಾರಿಗಳಿಗೆ ಫೋನು ಮಾಡಿದ, ಬೇಡಿಕೊಂಡ. ಮೂರನೆಯವರು ತಮ್ಮ ಪ್ರಯಾಣವನ್ನು ಮರುದಿನಕ್ಕೆ ಹಾಕಿಕೊಂಡರು.

“ಒಂದೇ ಸೀಟು. ಯಾರ ಹೆಸರು ಬರೆಯಲಿ?”

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ನನ್ನ ಹೆಸರು ಹೇಳಿದರು.

“ಕಾಕಾ, ನೀವು ಹೋಗ್ರಿ. ನಿಮ್ಮ ಅಣ್ಣ...” ಎಂದೆ.

“ನಿನಗ ಅಪ್ಪ. ಸಹಿ ಮಾಡು.”

ಅವರು ಮಧ್ಯಾಹ್ನದ ರೈಲು ಹತ್ತಿದರು. ನಾನು ಮಂಗಳವಾರ ಸಂಜೆ ಆಸ್ಪತ್ರೆ ಸೇರಿದೆ. ದಾದಿ ಬಂದು ನನ್ನನ್ನು ಹೊರಗೆ ಕಳಿಸುವವರೆಗೂ ಅಪ್ಪ ನನ್ನೊಡನೆ ಮಾತಾಡಿದರು. ಬುಧವಾರ ಬೆಳಿಗ್ಗೆ ಅವರನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಕರೆದುಕೊಂಡು ಹೋದರು. ಅಪ್ಪ ಮತ್ತೆ ಎಚ್ಚರಗೊಳ್ಳಲಿಲ್ಲ.

ಮಧ್ಯಾಹ್ನ ಕಾಕಾ ಬಂದರು. ವರಾಂಡದಲ್ಲಿ ನಮ್ಮ ಮುಖ ನೋಡಿಯೇ ತಿಳಿದುಕೊಂಡರು.

“ನಿನ್ನ ಜೋಡಿ ಮಾತಾಡಿದನೇನು?”

“ಮಾತಾಡಿದ್ರು ಕಾಕಾ. ಎರಡ ಸಲ ನಿಮ್ಮನ್ನ ಕೇಳಿದ್ರು.”

ಅವರು ಚೀಲ ಕೆಳಗಿಟ್ಟರು. ಆಮೇಲೆ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು, “ಏನೇನಂದ? ಮೊದಲಿಂದ ಹೇಳು,” ಎಂದರು.

ಆ ಸಂಜೆಯನ್ನು ನನಗೆ ಬಿಟ್ಟುಕೊಟ್ಟವರಿಗೆ ನಾನು ಒಂದು ಮಾತೂ ಬಿಡದೆ ಹೇಳಿದೆ.