ಬಿಳಿ ಇಲಿಗಳ ಸಂಸಾರವೂ ನನ್ನ ಫಿನಾಯಿಲೂ

ಫೆಬ್ರವರಿ 9, ಭಾನುವಾರ, ಬೆಳಗ್ಗೆ ಆರೂವರೆ.

ಇಲಿಗಳ ಬಗ್ಗೆ ಜನರಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಎರಡು ಇಲಿ ಒಂದು ಕಡೆ ಸೇರಿದರೆ ಸಾಕು, ಎರಡು ತಿಂಗಳಲ್ಲಿ ಮನೆ ತುಂಬಾ ಇಲಿ ಎಂದು ಎಲ್ಲರೂ ನಂಬಿದ್ದಾರೆ. ನಾನೂ ನಂಬಿದ್ದೆ. ಆ ನಂಬಿಕೆಯ ಮೇಲೆಯೇ ಕೆಲಸಕ್ಕೆ ಸೇರಿದೆ. ಇಲಿಗಳಿಂದ ಮರಿ ಹಾಕಿಸುವುದೂ ಒಂದು ಕೆಲಸವೇ, ಅದಕ್ಕೂ ಸಂಬಳವೇ ಎಂದು ನೀವು ಕೇಳಬಹುದು. ನಮ್ಮಮ್ಮ ದಿನಾ ಕೇಳುತ್ತಾರೆ.

ಮೂಡಿಗೆರೆ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪ್ರಯೋಗದ ಪ್ರಾಣಿಗಳನ್ನು ಸಾಕುವ ಕಟ್ಟಡವಿದೆ. ಕಳೆದ ಆಗಸ್ಟಿನಿಂದ ಅದರ ಉಸ್ತುವಾರಿ ನನ್ನದು. ಒಳಗಿರುವುದು ಬಿಳಿ ಮೈಯ, ಕೆಂಪು ಕಣ್ಣಿನ ಸಣ್ಣ ಇಲಿಗಳು. ಹೆಣ್ಣು ಇಪ್ಪತ್ತನಾಲ್ಕು, ಗಂಡು ಎಂಟು. ಸುಮಿತ್ರಾ ಮೇಡಂ ಅವರ ಔಷಧದ ಪ್ರಯೋಗಕ್ಕೆ ಒಂದೇ ವಾರದಲ್ಲಿ ಹುಟ್ಟಿದ ಅರವತ್ತು ಮರಿಗಳು ಬೇಕಾಗಿದ್ದವು. ವರ್ಷ ಮುಗಿಯುವುದರೊಳಗೆ ಮರಿ ಆಗದಿದ್ದರೆ ಬೆಂಗಳೂರಿನಿಂದ ತರಿಸುವುದು, ಇಲಿಮನೆಗೆ ಬೀಗ ಹಾಕುವುದು ಎಂದು ಕಾಲೇಜಿನವರು ಮೊದಲೇ ಹೇಳಿದ್ದರು. ಇಲಿಮನೆಗೆ ಬೀಗ ಬಿದ್ದರೆ ನನಗೂ ಬಿದ್ದ ಹಾಗೆಯೇ. ನನ್ನದು ತಾತ್ಕಾಲಿಕ ನೇಮಕ.

ನಾನು ಹೆದರಲಿಲ್ಲ. ನನ್ನಪ್ಪ ಆಲ್ದೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರು. ಯಾವ ಆಳು ಎಷ್ಟು ಹಣ್ಣು ಕೊಯ್ದ, ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಬೀಜ ಎಷ್ಟು ಮೂಟೆ ಒಣಗಿತು ಎಂದು ಬರೆದಿಡುವುದೇ ಅವರ ಜೀವನ. ಆ ಹುಚ್ಚು ನನಗೂ ಹತ್ತಿದೆ. ಸೇರಿದ ಮೊದಲ ವಾರವೇ ಪೆಟ್ಟಿಗೆಗಳಿಗೆಲ್ಲ ನಂಬರು ಅಂಟಿಸಿದೆ. ಹೆಣ್ಣುಗಳಿಗೆ ಒಂದು ಕೋಣೆ, ಗಂಡುಗಳಿಗೆ ಇನ್ನೊಂದು. ಕಾಲೇಜು ದಿನಗಳೆಲ್ಲ ಲೇಡೀಸ್ ಹಾಸ್ಟೆಲಿನಲ್ಲಿ ಕಳೆದವಳು ನಾನು, ಶಿಸ್ತು ಎಂದರೆ ಇದೇ ಎಂದುಕೊಂಡಿದ್ದೆ. ಪೆಟ್ಟಿಗೆಯಲ್ಲಿ ಹಾಸುವ ಭತ್ತದ ಹೊಟ್ಟನ್ನು ದಿನಾ ಬದಲಾಯಿಸಿ, ನೆಲಕ್ಕೆ ಎರಡು ಹೊತ್ತು ಫಿನಾಯಿಲ್ ಹಾಕಿಸಿದೆ. ಬಂದವರೆಲ್ಲ ಮೂಗು ಅರಳಿಸಿ, "ಇಲಿ ವಾಸನೆಯೇ ಇಲ್ಲವಲ್ಲ!" ಎಂದು ಹೊಗಳಿದರು. ನಾನು ಹಿಗ್ಗಿದೆ.

ವಾರಕ್ಕೊಂದು ಸಂಜೆ ಹೆಣ್ಣುಗಳನ್ನು ಗಂಡುಗಳ ಜೊತೆ ಬಿಡುವುದು, ಬೆಳಗ್ಗೆ ಬೇರ್ಪಡಿಸುವುದು ನನ್ನ ಕ್ರಮ. ಕೂಡಿದ್ದರೆ ಬೆಳಗ್ಗೆ ಹೆಣ್ಣಿನಲ್ಲಿ ಅಂಟಿನಂಥದೊಂದು ಬಿಳಿ ಬಿರಡೆ ಕಾಣಬೇಕು. ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳು ಬೆಳ್ಳಂಬೆಳಗ್ಗೆ ಇಲಿಯ ಬಾಲ ಎತ್ತಿ ಅದನ್ನು ಹುಡುಕುವುದನ್ನು ಊಹಿಸಿಕೊಳ್ಳಿ. ಆಗಸ್ಟಿನಿಂದ ನವೆಂಬರಿನವರೆಗೆ ಇದನ್ನೇ ಮಾಡಿದೆ. ಬರೆದದ್ದೂ ಒಂದೇ: ಇಲ್ಲ, ಇಲ್ಲ, ಇಲ್ಲ.

ನನ್ನ ಜೊತೆ ಕೆಲಸ ಮಾಡುವ ಅಟೆಂಡರ್ ಲೋಕಣ್ಣ ಒಂದು ದಿನ ಪೊರಕೆ ಊರಿಕೊಂಡು ನಿಂತು, "ಮೇಡಂ, ಇವು ಸನ್ಯಾಸ ತಗಂಡಾವೆ ಕಣ್ರೀ" ಎಂದ.

"ಸುಮ್ನಿರು ಲೋಕಣ್ಣ. ಮೊದಲೇ ತಲೆ ಕೆಟ್ಟಿದೆ."

"ಅಲ್ಲ, ಅರವತ್ತು ಮರಿ ತಾನೆ ಬೇಕಾಗಿದ್ದು? ನಮ್ ಎಸ್ಟೇಟ್ ಲೈನ್ ಮನೇಲಿ ಒಂದು ಚೀಲ ಹಿಡ್ಕೊಡ್ತೀನಿ. ಸುಣ್ಣ ಬಳದ್ರೆ ಬೆಳ್ಳಗಾಗ್ತಾವೆ."

ಸುಮಿತ್ರಾ ಮೇಡಂ ಹೀಗೆ ತಮಾಷೆ ಮಾಡುವವರಲ್ಲ. ಅವರಿಗೆ ಸಿಟ್ಟು ಬಂದರೆ ದನಿ ಇನ್ನೂ ಮೆತ್ತಗಾಗುತ್ತದೆ. ನನ್ನ ನಾಲ್ಕು ತಿಂಗಳ ಪಟ್ಟಿಯನ್ನು ಕೊನೆಯವರೆಗೂ ತಿರುವಿ ಹಾಕಿ, "ಶ್ವೇತಾ, ನಿಮ್ಮ ದಾಖಲೆ ತುಂಬಾ ಅಚ್ಚುಕಟ್ಟಾಗಿದೆ. ಆದ್ರೆ ಔಷಧಾನ ದಾಖಲೆಗೆ ಕುಡಿಸಕ್ಕಾಗಲ್ಲ ಅಲ್ವಾ?" ಎಂದರು.

ಮನೆಗೆ ಬಂದರೆ ಅಲ್ಲಿ ಬೇರೆ ಕಥೆ. ನಮ್ಮ ಮನೆಯ ಅಟ್ಟದಲ್ಲಿ ಬೂದು ಇಲಿಗಳ ವಂಶ ನೆಮ್ಮದಿಯಾಗಿ ಬೆಳೆಯುತ್ತಿತ್ತು. ಅವುಗಳಿಗೆ ಹದವಾದ ಬಿಸಿಯಿಲ್ಲ, ಲೆಕ್ಕದ ಬೆಳಕಿಲ್ಲ, ಚೀಲದಲ್ಲಿ ಬರುವ ತಯಾರಿ ಆಹಾರವಿಲ್ಲ. ಹಲಸಿನ ಹಪ್ಪಳ ಕಡಿದುಕೊಂಡು, ಗೋಣಿಚೀಲ ಹರಿದುಕೊಂಡು, ಬೇಕೆಂದಾಗ ಹೆರುತ್ತಿದ್ದವು.

"ಕಾಲೇಜಲ್ಲಿ ಇಲಿ ಹುಟ್ಸಕ್ಕೆ ನಿಂಗೆ ಸಂಬಳ, ಮನೇಲಿ ಇಲಿ ಹಿಡಿಯಕ್ಕೆ ನಾನು ಬೋನು ತಗಬೇಕು. ನಿಂದೆಂಥಾ ಓದು ಮಾರಾಯ್ತಿ?" ಎಂದು ಅಮ್ಮ ತುಂಡು ಹಪ್ಪಳಗಳನ್ನು ನನ್ನ ಮುಂದೆ ಹರಡಿದರು. "ನಿನ್ ಬಿಳಿ ಇಲೀನ ನಾಕು ದಿನ ಇಲ್ಲಿ ತಂದು ಬಿಡು. ನಮ್ಮವು ಹೇಳ್ಕೊಡ್ತಾವೆ."

ಕೊನೆಗೆ ನಾಚಿಕೆ ಬಿಟ್ಟು, ಪಶುವೈದ್ಯಕೀಯ ಓದಿದ ಗೆಳತಿ ಚೈತ್ರಾಳಿಗೆ ಫೋನು ಮಾಡಿದೆ. ಎಲ್ಲ ವಿವರಿಸಿದೆ. ಫಿನಾಯಿಲಿನ ವಿಷಯವನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವಳು ನಕ್ಕ ನಗೆಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಅಯ್ಯೋ, ನೀನು ಇಲಿ ಸಾಕಿದ್ಯೋ, ಮಠ ಕಟ್ಟಿದ್ಯೋ? ಬರೀ ಹೆಣ್ಣಿಲಿಗಳನ್ನ ಒಟ್ಟಿಗೆ ತುಂಬಿ, ಗಂಡಿನ ವಾಸನೇನೇ ಸುಳಿಯದ ಹಾಗೆ ಇಟ್ರೆ ಅವು ಬೆದೆಗೇ ಬರಲ್ಲ ಕಣೇ. ಅವುಕ್ಕೆ ಎಲ್ಲಾ ಗೊತ್ತಾಗದು ಮೂಗಿಂದ. ನೀನು ದಿನಾ ಅದನ್ನೇ ತೊಳೀತಿದೀಯ!"

"ಈಗೇನು ಮಾಡ್ಲಿ?"

"ಗಂಡಿನ ಪೆಟ್ಟಿಗೆಯ ಕೊಳೆ ಹೊಟ್ಟು ಒಂದೊಂದು ಹಿಡಿ ಹೆಣ್ಣುಗಳ ಪೆಟ್ಟಿಗೆಗೆ ಹಾಕು. ಮೂರನೇ ದಿನ ಜೊತೆ ಬಿಡು. ಆಮೇಲೆ ಕೈ ತೊಳ್ಕೊಂಡು ದೂರ ಕೂತ್ಕೋ. ಕೈ ಮಾತ್ರ ತೊಳಿ, ಮತ್ತೇನೂ ತೊಳೀಬೇಡ."

ನಾಲ್ಕು ತಿಂಗಳು ಯಾವುದನ್ನು ಶತ್ರುವೆಂದು ಗುಡಿಸಿ ಹಾಕಿದ್ದೆನೋ ಅದನ್ನೇ ಪ್ರಸಾದದಂತೆ ಹಿಡಿಹಿಡಿಯಾಗಿ ಹಂಚಿದೆ. ಗಂಡಿಗೆ ಮೂರು ಹೆಣ್ಣಿನಂತೆ ಎಂಟು ಪೆಟ್ಟಿಗೆಗಳಿಗೆ ಬಿಟ್ಟೆ. ಡಿಸೆಂಬರ್ 4ರ ಬೆಳಗ್ಗೆ ಹದಿನೈದು ಬಿರಡೆ ಸಿಕ್ಕಿದವು. ಕಾರಿಡಾರಿನಲ್ಲಿ ಓಡಿಹೋಗಿ, "ಮೇಡಂ, ಹದಿನೈದು!" ಎಂದು ಕೂಗಿದೆ. ವಿದ್ಯಾರ್ಥಿಗಳ ಜೊತೆಗಿದ್ದ ಮೇಡಂ, ಏನು ಹದಿನೈದು ಎಂದು ಎಲ್ಲರೆದುರು ಕೇಳಿದರು. ಬಂದ ದಾರಿಯಲ್ಲೇ ಇಲಿಮನೆಗೆ ಓಡಿದೆ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಕಡಲೆಬೀಜದಷ್ಟು ದಪ್ಪದ, ಕೆಂಪು ಕೆಂಪು ಮರಿಗಳು ಹುಟ್ಟಿದವು. ಗೂಡು ಕೆದಕಿದರೆ ತಾಯಿ ಮರಿಗಳನ್ನೇ ತಿಂದುಬಿಡಬಹುದೆಂದು ಹೆದರಿ, ಎಣಿಸದೆ ಕೈಕಟ್ಟಿ ಕೂತೆ. ಎಣಿಸದೆ ಕೂರುವುದು ನನಗೆ ಎಷ್ಟು ಕಷ್ಟ ಎಂದು ಅಪ್ಪನಿಗೆ ಮಾತ್ರ ಅರ್ಥವಾದೀತು. ಕೊನೆಗೆ ಎಣಿಸಿದಾಗ ನೂರಾ ಇಪ್ಪತ್ತೆರಡು.

ಆ ಸಂಭ್ರಮದಲ್ಲಿ ಒಂದು ಸಣ್ಣ ಕೆಲಸ ಬಿಟ್ಟುಹೋಯಿತು. ಗಂಡುಗಳನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಹೆತ್ತ ಹೆಣ್ಣಿಲಿ ಅದೇ ದಿನವೇ ಮತ್ತೆ ಗರ್ಭ ಕಟ್ಟಬಲ್ಲದು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಜನವರಿಯ ನಡುವಿಗೆ ಇನ್ನೊಂದು ನೂರು ಬಂದವು. ಪೆಟ್ಟಿಗೆ ಸಾಲದೆ ಲೋಕಣ್ಣ ಕ್ಯಾಂಟೀನಿನಿಂದ ಬಕೆಟ್ ತಂದ. ಮೇಡಂ ಬಾಗಿಲಲ್ಲೇ ನಿಂತು, ಹಿಂದೆಂದಿಗಿಂತ ಮೆತ್ತಗೆ, "ನಿಲ್ಸಕ್ಕೆ ಬರತ್ತೇನ್ರೀ ನಿಮಗೆ?" ಎಂದರು. ಮರುವಾರ ನನ್ನ ನೇಮಕವನ್ನು ಒಂದು ವರ್ಷ ಮುಂದುವರಿಸಿದರು. ಇಷ್ಟು ಇಲಿಗಳನ್ನು ಬಿಟ್ಟು ನಾನು ಹೊರಟುಹೋದರೆ ಗತಿಯೇನು ಎಂದು ಆಡಳಿತ ಮಂಡಳಿ ಹೆದರಿತು ಎಂದು ಲೋಕಣ್ಣ ಹೇಳುತ್ತಾನೆ. ನಾಲ್ಕು ತಿಂಗಳ ಅಚ್ಚುಕಟ್ಟು ಉಳಿಸದ ಕೆಲಸವನ್ನು ಒಂದು ಮರೆವು ಉಳಿಸಿತು.

ಈ ಕಥೆಯಿಂದ ಅಮ್ಮ ಬೇರೆಯೇ ನೀತಿ ಕಲಿತರು. ಫಿನಾಯಿಲ್ ಇದ್ದರೆ ಇಲಿಗೆ ಮರಿಯಾಗುವುದಿಲ್ಲ ಎಂದು ತೀರ್ಮಾನಿಸಿ, ಐದು ಲೀಟರಿನ ಕ್ಯಾನು ತಂದು ಅಟ್ಟ, ಅಡುಗೆಮನೆ, ಮಂಚದ ಕೆಳಗೆ ಎಲ್ಲ ಸುರಿದರು. ಒಂದು ತಿಂಗಳಿಂದ ನಮ್ಮ ಸಾರಿಗೂ ಅದೇ ವಾಸನೆ. ಇಲಿ ಕಾಣದ್ದರಿಂದ ಅಮ್ಮನಿಗೆ ನನ್ನ ಓದಿನ ಮೇಲೆ ಮೊದಲ ಸಲ ಗೌರವ ಹುಟ್ಟಿತು. "ನಮ್ ಶ್ವೇತಾ ಹೇಳಿದ್ದು" ಎಂದು ಪಕ್ಕದ ಮನೆಯವರಿಗೂ ಅರ್ಧ ಕ್ಯಾನು ಕೊಟ್ಟರು.

ನಿನ್ನೆ ಸಂಜೆ ಬೀರುವಿನಿಂದ ಇಸ್ತ್ರಿ ಮಾಡಿಟ್ಟ ಏಪ್ರನ್ ತೆಗೆಯಲು ಹೋದೆ. ಜೇಬು ಅಲುಗಾಡಿತು. ಒಳಗೆ ಒಂದು ಬೂದು ತಾಯಿ, ಏಳು ಕೆಂಪು ಮರಿ, ನನ್ನ ಹೊಸ ಸ್ವೆಟರಿನ ನೂಲಿನ ಮೆತ್ತೆ. ಸುತ್ತಲೂ ಘಮ್ಮೆನ್ನುವ ಫಿನಾಯಿಲು. ಕಿರುಚಿ ಅಮ್ಮನನ್ನು ಕರೆಯಬೇಕಿತ್ತು. ನಾನು ಮಾಡಿದ್ದೇನು? ಗೂಡು ಅಲುಗದಂತೆ ಮೆಲ್ಲಗೆ ಬೀರುವಿನ ಬಾಗಿಲು ಮುಚ್ಚಿ ಕೀಲಿ ಹಾಕಿದೆ. ಮರಿಗಳು ತಾಯಿಯ ಹಾಲು ಬಿಡುವುದು ಮಾರ್ಚ್ 1ಕ್ಕೆ ಎಂದು ಬರೆದುಕೊಂಡೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಈಗ ಹೊರಗೆ, ನನ್ನ ಬಟ್ಟೆ ಬಿಸಿಲಿಗೆ ಹಾಕಬೇಕೆಂದು ಬೀರುವಿನ ಕೀಲಿ ಕೇಳುತ್ತಿದ್ದಾರೆ. ಮನೆಯ ಯಜಮಾನಿಯಿಂದ ಒಂದು ಬೀರುವನ್ನು ಮೂರು ವಾರ ಮುಚ್ಚಿಡುವ ಉಪಾಯ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಕೂಡಲೇ ಬರೆದು ತಿಳಿಸಿ.